ಕಾಸ್ಮೆಟಿಕ್ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ಮೇಲೆ: ಹಂತ ಹಂತದ ಆರೈಕೆ

ಡ್ರೆಸಿಂಗ್ ಕೊಠಡಿಗೆ ತೊಂದರೆ ಹೊತ್ತು ಮರಳಿ ಬರುವವರಲ್ಲಿ ಬಹುತೇಕರ ಕಥೆ ಒಂದೇ ಬಗೆಯದು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿರುತ್ತದೆ, ಎಡವಟ್ಟು ಆಗಿರುವುದು ಮನೆಯಲ್ಲಿ. ಅದೂ ನೋವು ಜೋರಾಗಿದ್ದ ಮೊದಲೆರಡು ದಿನಗಳಲ್ಲಲ್ಲ. ನೋವು ತಗ್ಗಿ, ‘ಇನ್ನೇನು, ಎದ್ದು ಕೆಲಸ ನೋಡಬಹುದು’ ಎನ್ನಿಸುವ ಐದಾರನೆಯ ದಿನ. ನೋವು ಇಳಿಯುವುದು ಬೇರೆ, ಒಳಗಿನ ಗಾಯ ಕೂಡಿಕೊಳ್ಳುವುದು ಬೇರೆ. ಎರಡನ್ನೂ ಒಂದೇ ಎಂದುಕೊಂಡವರೇ ಹೊಲಿಗೆ ಬಿಚ್ಚಿಸಿಕೊಂಡು, ಚರ್ಮದಡಿ ನೀರು ತುಂಬಿಸಿಕೊಂಡು ಬರುತ್ತಾರೆ.

ಕೊಬ್ಬು ತೆಗೆಸುವ ಲೈಪೊಸಕ್ಷನ್, ಹೊಟ್ಟೆಯ ಸಡಿಲ ಚರ್ಮ ಬಿಗಿಗೊಳಿಸುವ ಟಮ್ಮಿ ಟಕ್, ಸ್ತನದ ಶಸ್ತ್ರಚಿಕಿತ್ಸೆ, ಗಂಡಸರ ಎದೆ ಉಬ್ಬುವ ಗೈನೆಕೊಮಾಸ್ಟಿಯಾಕ್ಕೆ ಶಸ್ತ್ರಚಿಕಿತ್ಸೆ, ಮೂಗು ಮತ್ತು ಕಣ್ಣುರೆಪ್ಪೆಯ ತಿದ್ದುಪಡಿ ಮಾಡಿಸಿಕೊಂಡವರಿಗಾಗಿ ಈ ಬರಹ. ನಿಮ್ಮ ಸರ್ಜನ್ ಹೇಳಿದ್ದಕ್ಕೂ ಇಲ್ಲಿರುವುದಕ್ಕೂ ವ್ಯತ್ಯಾಸ ಕಂಡರೆ ಸರ್ಜನ್ ಮಾತನ್ನೇ ಪಾಲಿಸಿ. ಒಳಗೆ ಏನು ಮಾಡಿದ್ದಾರೆಂಬುದು ಅವರಿಗೆ ಗೊತ್ತು.

ಹಂತ 1: ಆಸ್ಪತ್ರೆಗೆ ಹೊರಡುವ ಮೊದಲೇ ಮನೆ ಸಿದ್ಧವಾಗಲಿ

ಡಿಸ್ಚಾರ್ಜ್ ಆದ ಸಂಜೆ ದಿಂಬು ಹುಡುಕುವುದು, ಔಷಧ ಅಂಗಡಿಗೆ ಓಡುವುದು, ಹೊದಿಕೆ ಒಗೆಯುವುದು ಬಹಳ ಮನೆಗಳಲ್ಲಿ ಕಾಣುವ ದೃಶ್ಯ. ಈ ಕೆಲಸಗಳೆಲ್ಲ ಹಿಂದಿನ ವಾರವೇ ಮುಗಿದಿರಬೇಕು.

ಮೊಟ್ಟಮೊದಲು ಒಬ್ಬ ಜೊತೆಗಾರರನ್ನು ಗೊತ್ತುಮಾಡಿಕೊಳ್ಳಿ. ಕನಿಷ್ಠ ಮೊದಲ ಎರಡು ರಾತ್ರಿ, ದೊಡ್ಡ ಶಸ್ತ್ರಚಿಕಿತ್ಸೆಯಾದರೆ ನಾಲ್ಕೈದು ದಿನ, ಅವರು ನಿಮ್ಮ ಕೋಣೆಯಲ್ಲೇ ಮಲಗಬೇಕು. ಬೆಂಗಳೂರಿನಲ್ಲಿ ಕಷ್ಟವಾಗುವುದು ಇಲ್ಲಿಯೇ. ಪಿ.ಜಿ.ಯಲ್ಲಿ ಒಬ್ಬರೇ ಇರುವವರು, ಊರಿನಲ್ಲಿರುವ ತಂದೆತಾಯಿಗೆ ಹೇಳದವರು, ಜೊತೆಯಲ್ಲಿರುವ ಗೆಳತಿಗೆ ‘ಅಪೆಂಡಿಕ್ಸ್ ಆಪರೇಷನ್’ ಎಂದು ಹೇಳಿ ಬಂದವರು ಸಾಕಷ್ಟು ಮಂದಿ. ಊರಿಗೆಲ್ಲ ಸಾರಬೇಕಿಲ್ಲ, ಸಂಬಂಧಿಕರಿಗೆ ಏನು ಬೇಕಾದರೂ ಹೇಳಿಕೊಳ್ಳಿ. ಆದರೆ ಒಬ್ಬರಿಗಾದರೂ ನಿಜ ಗೊತ್ತಿರಲೇಬೇಕು: ಯಾವ ಶಸ್ತ್ರಚಿಕಿತ್ಸೆ, ಯಾವ ಆಸ್ಪತ್ರೆ, ಯಾರ ನಂಬರಿಗೆ ಕರೆ ಮಾಡಬೇಕು. ನಡುರಾತ್ರಿ ನಿಮಗೆ ಉಸಿರು ಕಟ್ಟಿದರೆ ‘ಅಪೆಂಡಿಕ್ಸ್’ ಎಂಬ ಸುಳ್ಳು ತುರ್ತು ವಿಭಾಗದ ವೈದ್ಯರನ್ನು ದಾರಿ ತಪ್ಪಿಸುತ್ತದೆ.

ಎರಡನೆಯದು ಶೌಚಾಲಯ. ಹೊಟ್ಟೆ, ತೊಡೆ, ಸೊಂಟದ ಶಸ್ತ್ರಚಿಕಿತ್ಸೆ ಆದವರು ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುವಂತಿಲ್ಲ. ಮನೆಯಲ್ಲಿ ಭಾರತೀಯ ಶೌಚಾಲಯ ಮಾತ್ರ ಇದ್ದರೆ ಕಮೋಡ್ ಕುರ್ಚಿ ಬಾಡಿಗೆಗೆ ತನ್ನಿ, ನಗರದಲ್ಲಿ ವೈದ್ಯಕೀಯ ಸಲಕರಣೆ ಬಾಡಿಗೆ ಕೊಡುವ ಅಂಗಡಿಗಳಿಗೆ ಬರವಿಲ್ಲ. ಲಿಫ್ಟ್ ಇಲ್ಲದ ಮೂರನೆಯ ಮಹಡಿಯಾದರೆ ಮೊದಲ ವಾರ ಮೇಲೆ ಹತ್ತುವುದು ಒಂದೇ ಸಲ ಎಂದು ಲೆಕ್ಕ ಹಾಕಿ, ಬೇಕಾದದ್ದನ್ನೆಲ್ಲ ಮೊದಲೇ ಮೇಲೆ ತಂದಿಡಿ.

ಒಂದೆಡೆ ಕೂಡಿಡಬೇಕಾದ ಸಾಮಾನುಗಳು:

• ನಾಲ್ಕೈದು ದಿಂಬು, ಹಾಸಿಗೆಯ ಮೇಲೆ ಹಾಸಲು ಪ್ಲಾಸ್ಟಿಕ್ ಹಾಳೆ, ಹೀರಿಕೊಳ್ಳುವ ಅಂಡರ್‌ಪ್ಯಾಡ್‌ಗಳು
• ಡಿಜಿಟಲ್ ಥರ್ಮಾಮೀಟರ್; ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಇದ್ದರೆ ಹೊಸ ಬ್ಯಾಟರಿ ಹಾಕಿ
• ಗಾಜ್ (ಗಾಯಕ್ಕಿಡುವ ಜಾಳು ಬಟ್ಟೆ), ಕಾಗದದ ಟೇಪ್, ನಾರ್ಮಲ್ ಸಲೈನ್ (ಗಾಯ ತೊಳೆಯುವ ಉಪ್ಪುನೀರು), ಕೈಗವಸು, ಸಾಬೂನು
• ಮಿಲಿಲೀಟರ್ ಗುರುತಿರುವ ಚಿಕ್ಕ ಲೋಟ
• ಮುಂದೆ ಗುಂಡಿ ಇರುವ ನೈಟಿ ಅಥವಾ ಸಡಿಲ ಅಂಗಿ, ಜಾರದ ಚಪ್ಪಲಿ
• ಒಂದು ನೋಟ್ ಪುಸ್ತಕ, ಅದಕ್ಕೆ ದಾರ ಕಟ್ಟಿದ ಪೆನ್ನು

ಕೊನೆಯದನ್ನು ನೋಡಿ ನಗುವವರಿದ್ದಾರೆ. ಮಾತ್ರೆ ನುಂಗಿದ ಹೊತ್ತು, ಜ್ವರ, ಡ್ರೇನ್‌ನ (ಗಾಯದ ನೀರು ಹೊರಗೆಳೆಯುವ ಪೈಪ್) ಅಳತೆ, ಮಲ ವಿಸರ್ಜನೆ ಎಲ್ಲವೂ ಅದರಲ್ಲಿ ಬರೆಯಲ್ಪಡಬೇಕು. ಮಂಪರಿನಲ್ಲಿರುವವರ ನೆನಪನ್ನು ನಂಬಬೇಡಿ.

ಸಿಗರೇಟು, ಬೀಡಿ, ಗುಟ್ಕಾ, ಹೊಗೆಸೊಪ್ಪು, ನಿಕೋಟಿನ್ ಚೂಯಿಂಗ್ ಗಮ್ ಯಾವುದೂ ಶಸ್ತ್ರಚಿಕಿತ್ಸೆಗೆ ನಾಲ್ಕು ವಾರ ಮೊದಲಿನಿಂದ, ನಂತರ ಇನ್ನೂ ನಾಲ್ಕು ವಾರದವರೆಗೆ ಬೇಡ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಎತ್ತಿ ಎಳೆದು ಹೊಲಿದ ಚರ್ಮಕ್ಕೆ ರಕ್ತ ಸಾಲದೆ ಅದು ಕಪ್ಪಾಗಿ ಸಾಯಬಹುದು. ‘ದಿನಕ್ಕೆ ಎರಡೇ’ ಎಂಬ ರಿಯಾಯಿತಿ ಇಲ್ಲಿ ನಡೆಯುವುದಿಲ್ಲ.

ಹಂತ 2: ಡಿಸ್ಚಾರ್ಜ್ ಚೀಟಿ ಓದಿಸಿಕೊಳ್ಳಿ, ಆಮೇಲೆ ಗಾಡಿ ಹತ್ತಿ

ಆಸ್ಪತ್ರೆ ಬಿಡುವ ಮೊದಲು ಜೊತೆಗಾರರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಈ ಪ್ರಶ್ನೆಗಳನ್ನು ಕೇಳಿ. ರಾತ್ರಿ ಕರೆ ಮಾಡಿದರೆ ಎತ್ತುವ ನಂಬರ್ ಯಾವುದು? ಮೊದಲ ಡ್ರೆಸಿಂಗ್ ಯಾವಾಗ, ಅಲ್ಲಿಯವರೆಗೆ ನಾನು ಅದನ್ನು ಮುಟ್ಟಬಹುದೇ? ಊತ ತಡೆಯಲು ಹಾಕುವ ಬಿಗಿ ಉಡುಪನ್ನು ಎಂದು ಬಿಚ್ಚಬೇಕು? ರಕ್ತ ಹೆಪ್ಪುಗಟ್ಟದಂತೆ ಚುಚ್ಚುಮದ್ದು ಇದೆಯೇ? ಬಿ.ಪಿ., ಸಕ್ಕರೆ ಕಾಯಿಲೆ, ಥೈರಾಯ್ಡ್ ಮಾತ್ರೆಗಳು ಇಂದಿನಿಂದಲೇ ಮುಂದುವರಿಯಬೇಕೇ? ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ, ಅದು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ.

ಮನೆಗೆ ಕಾರಿನಲ್ಲೇ ಹೋಗಿ. ಆಟೋ ಬೇಡ, ಬೈಕ್ ಹಿಂದೆ ಕೂರುವ ಮಾತೇ ಇಲ್ಲ. ಮುಂದಿನ ಸೀಟನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ, ಸೀಟ್ ಬೆಲ್ಟ್ ಮತ್ತು ಹೊಟ್ಟೆಯ ನಡುವೆ ಮೆತ್ತನೆಯ ದಿಂಬು ಇಟ್ಟುಕೊಳ್ಳಿ. ನಮ್ಮ ರಸ್ತೆಗಳ ಉಬ್ಬುತಗ್ಗು ಪ್ರತಿ ಹೊಲಿಗೆಗೂ ಗೊತ್ತಾಗುತ್ತದೆ. ಚಾಲಕರಿಗೆ ‘ಹಂಪ್‌ಗಳಲ್ಲಿ ನಿಧಾನ’ ಎಂದು ಹತ್ತುವ ಮೊದಲೇ ಹೇಳಿಬಿಡಿ. ಸಂಜೆಯ ದಟ್ಟಣೆಯಲ್ಲಿ ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳ ದಾಟಬೇಕಾದವರು ಮಧ್ಯಾಹ್ನವೇ ಹೊರಡುವುದು ಲೇಸು. ಪ್ರಯಾಣದ ವಾಂತಿಗೆ ಒಂದು ಚೀಲ ಕೈಯಲ್ಲಿರಲಿ.

‘ಊರಿಗೆ ಹೋದರೆ ಅಮ್ಮ ನೋಡಿಕೊಳ್ಳುತ್ತಾರೆ’ ಎಂದು ಡಿಸ್ಚಾರ್ಜ್ ಆದ ರಾತ್ರಿಯೇ ಶಿವಮೊಗ್ಗದ ಬಸ್ ಹತ್ತುವವರಿದ್ದಾರೆ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂರುವುದು ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಲು ಹೇಳಿ ಮಾಡಿಸಿದ ಸ್ಥಿತಿ, ಜೊತೆಗೆ ತೊಂದರೆಯಾದರೆ ಸರ್ಜನ್ ಮುನ್ನೂರು ಕಿಲೋಮೀಟರ್ ದೂರ. ಅಮ್ಮನನ್ನೇ ಇಲ್ಲಿಗೆ ಕರೆಸಿಕೊಳ್ಳಿ.

ಹಂತ 3: ಮೊದಲ 48 ಗಂಟೆ

ಮಲಗುವ ಭಂಗಿ ಮೊದಲು. ಮುಖ, ಮೂಗು, ಕಣ್ಣು, ಎದೆಯ ಶಸ್ತ್ರಚಿಕಿತ್ಸೆಯಾದರೆ ಅಂಗಾತ ಮಲಗಿ, ತಲೆ ಮತ್ತು ಬೆನ್ನಿನ ಮೇಲ್ಭಾಗವನ್ನು ದಿಂಬುಗಳಿಂದ 30ರಿಂದ 45 ಡಿಗ್ರಿ ಎತ್ತರಿಸಿ. ಬರೀ ಕತ್ತಿನಡಿ ದಿಂಬು ತುರುಕಿದರೆ ಕತ್ತು ನೋಯುತ್ತದೆ, ಊತ ಇಳಿಯುವುದಿಲ್ಲ. ಟಮ್ಮಿ ಟಕ್ ಆದವರು ಬೆನ್ನನ್ನೂ ಮಂಡಿಗಳನ್ನೂ ಎತ್ತರಿಸಿ ಸೊಂಟ ಮಡಚಿದಂತಿರಬೇಕು. ನಡೆಯುವಾಗಲೂ ಮೊದಲ ವಾರ ಸ್ವಲ್ಪ ಬಗ್ಗಿಯೇ ನಡೆಯಿರಿ. ನೆಟ್ಟಗೆ ನಿಲ್ಲುವ ಹಟ ಹೊಲಿಗೆಯನ್ನು ಎಳೆಯುತ್ತದೆ. ಹಾಸಿಗೆಯಿಂದ ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ಮೊಣಕೈ ಊರಿ ಏಳಬೇಕು. ಎದೆಯ ಶಸ್ತ್ರಚಿಕಿತ್ಸೆಯಾದವರು ಕೈ ಊರದೆ, ಜೊತೆಗಾರರು ಬೆನ್ನ ಹಿಂದೆ ಕೈಯಿಟ್ಟು ಎಬ್ಬಿಸಲಿ.

ಎರಡನೆಯದು ನಡಿಗೆ. ಬಂದ ದಿನವೇ ಜೊತೆಗಾರರ ಕೈ ಹಿಡಿದು ಶೌಚಾಲಯದವರೆಗೆ ನಡೆಯಿರಿ. ನಂತರ ಎಚ್ಚರವಿರುವಾಗ ಪ್ರತಿ ಒಂದೆರಡು ಗಂಟೆಗೆ ಐದು ನಿಮಿಷ ಹಜಾರದಲ್ಲಿ ಓಡಾಟ. ಮಲಗಿದ್ದಾಗ ಪಾದವನ್ನು ಮುಂದಕ್ಕೆ ಹಿಂದಕ್ಕೆ ಆಡಿಸುತ್ತಿರಿ. ಆಸ್ಪತ್ರೆಯಲ್ಲಿ ಮೂರು ಚೆಂಡಿನ ಉಸಿರಾಟದ ಉಪಕರಣ ಕೊಟ್ಟಿದ್ದರೆ ಗಂಟೆಗೆ ಹತ್ತು ಸಲ ಎಳೆಯಿರಿ. ಅದು ಮಕ್ಕಳ ಕೈಗೆ ಆಟಿಕೆಯಾಗಿ ಸೇರಿರುವುದೇ ಹೆಚ್ಚು. ‘ಬೆಡ್ ರೆಸ್ಟ್’ ಎಂದರೆ ಅಲುಗಾಡದೆ ಮಲಗುವುದು ಎಂದುಕೊಂಡ ಹಿರಿಯರು ಎದ್ದವರನ್ನು ಮತ್ತೆ ಮಲಗಿಸುತ್ತಾರೆ. ಅವರಿಗೆ ಈ ಸಾಲನ್ನು ಓದಿ ಹೇಳಿ.

ಲೈಪೊಸಕ್ಷನ್ ಆದವರ ಸಣ್ಣ ರಂಧ್ರಗಳಿಂದ ಮೊದಲ ಒಂದೆರಡು ದಿನ ತಿಳಿಗೆಂಪು ನೀರು ಸುರಿಯುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಒಳಗೆ ತುಂಬಿಸಿದ್ದ ದ್ರವವೇ ಹೊರಬರುತ್ತಿದೆ. ಹಾಸಿಗೆ ತೊಯ್ದದ್ದನ್ನು ಕಂಡು ಮನೆಯವರು ಹೌಹಾರುತ್ತಾರೆ. ಪ್ಯಾಡ್ ಬದಲಿಸಿದರೆ ಸಾಕು. ಗಟ್ಟಿ ಕೆಂಪು ರಕ್ತ ನಿಲ್ಲದೆ ಬಂದರೆ ಮಾತ್ರ ವಿಷಯ ಬೇರೆ.

ಎಡಬಲ ಹೋಲಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಊತ ಎರಡು–ಮೂರನೆಯ ದಿನ ಹೆಚ್ಚುವುದು ಸಹಜ, ಆದರೆ ಅದು ಎರಡೂ ಬದಿಯಲ್ಲಿ ಹೆಚ್ಚುಕಡಿಮೆ ಸಮನಾಗಿರುತ್ತದೆ. ಒಂದೇ ಬದಿ ದಿಢೀರನೆ ಊದಿ, ಬಿಗಿದು, ನೀಲಿಗಟ್ಟಿ, ನೋವು ಏರುತ್ತಾ ಹೋದರೆ ಒಳಗೆ ರಕ್ತ ತುಂಬಿಕೊಳ್ಳುತ್ತಿದೆ ಎಂದೇ ಭಾವಿಸಿ ಕರೆ ಮಾಡಿ. ಬೆಳಗಾಗಲಿ ಎಂದು ಕಾಯಬೇಡಿ.

ಐಸ್ ಅನ್ನು ಸರ್ಜನ್ ಹೇಳಿದ ಜಾಗಕ್ಕೆ ಮಾತ್ರ, ಬಟ್ಟೆಯಲ್ಲಿ ಸುತ್ತಿ, ಹದಿನೈದು ನಿಮಿಷ ಇಡಬಹುದು. ಹೊಟ್ಟೆಯ ಮೇಲೆ ಐಸ್ ಪ್ಯಾಕಾಗಲಿ ಬಿಸಿನೀರಿನ ಚೀಲವಾಗಲಿ ಬೇಡ. ಟಮ್ಮಿ ಟಕ್ ಆದ ಚರ್ಮ ತಿಂಗಳುಗಟ್ಟಲೆ ಮರಗಟ್ಟಿರುತ್ತದೆ. ಸುಟ್ಟರೂ ನಿಮಗೆ ತಿಳಿಯುವುದಿಲ್ಲ. ಡಿಸೆಂಬರ್ ಚಳಿಯಲ್ಲಿ ಹೊಟ್ಟೆಗೆ ಶಾಖ ಕೊಟ್ಟುಕೊಂಡು ಬೊಬ್ಬೆ ಎಬ್ಬಿಸಿಕೊಂಡವರ ಗಾಯ ಹೊಲಿಗೆಯ ಗಾಯಕ್ಕಿಂತ ತಡವಾಗಿ ಮಾಗುತ್ತದೆ.

ಫ್ರಿಜ್ ಬಾಗಿಲಿಗೆ ಅಂಟಿಸಬೇಕಾದ ಪಟ್ಟಿ

ಕೂಡಲೇ 108ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ:

• ಏಕಾಏಕಿ ಉಸಿರುಗಟ್ಟುವುದು, ಎದೆನೋವು, ಕೆಮ್ಮಿದಾಗ ರಕ್ತ, ತಲೆ ತಿರುಗಿ ಬೀಳುವುದು
• ಆಕ್ಸಿಮೀಟರ್ ಬೆಚ್ಚಗಿನ, ಬಣ್ಣ ಹಚ್ಚದ ಬೆರಳಿನಲ್ಲೂ ಆಮ್ಲಜನಕವನ್ನು ಶೇ 94ಕ್ಕಿಂತ ಕೆಳಗೆ ತೋರಿಸುತ್ತಿರುವುದು
• ಒತ್ತಿ ಹಿಡಿದರೂ ನಿಲ್ಲದ ರಕ್ತ
• ಕಣ್ಣುರೆಪ್ಪೆಯ ಶಸ್ತ್ರಚಿಕಿತ್ಸೆಯ ನಂತರ ಕಣ್ಣು ಮುಂದಕ್ಕೆ ಉಬ್ಬಿ ವಿಪರೀತ ನೋವು, ದೃಷ್ಟಿ ಮಂಜಾಗುವುದು
• ಗೊಂದಲದ ಮಾತು, ಎಬ್ಬಿಸಿದರೂ ಏಳದ ಮಂಪರು

ಅದೇ ದಿನ ಸರ್ಜನ್‌ಗೆ ತೋರಿಸಿ:

• ಒಂದೇ ಕಾಲಿನ ಮೀನಖಂಡದಲ್ಲಿ ನೋವು, ಊತ, ಬಿಸಿ
• 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮೀರಿದ ಜ್ವರ, ಚಳಿ ನಡುಕ
• ಗಾಯದ ಸುತ್ತ ದಿನದಿಂದ ದಿನಕ್ಕೆ ಹರಡುವ ಕೆಂಪು, ಕೀವು, ದುರ್ವಾಸನೆ
• ಹೊಲಿಗೆ ಬಾಯಿ ಬಿಡುವುದು, ಚರ್ಮ ಕಪ್ಪು ಅಥವಾ ಬೂದು ಬಣ್ಣಕ್ಕೆ ತಿರುಗುವುದು
• ಆರೇಳು ಗಂಟೆಯಾದರೂ ಮೂತ್ರ ಬಾರದಿರುವುದು

ಮೊದಲ ಪಟ್ಟಿಯ ಲಕ್ಷಣ ಕಂಡಾಗ ಶಸ್ತ್ರಚಿಕಿತ್ಸೆ ಮಾಡಿದ ಕ್ಲಿನಿಕ್ ನಗರದ ಇನ್ನೊಂದು ತುದಿಯಲ್ಲಿದ್ದರೆ ಅಲ್ಲಿಗೇ ಹೋಗಬೇಕೆಂದು ಟ್ರಾಫಿಕ್ಕಿನಲ್ಲಿ ಸಿಲುಕಬೇಡಿ. ಐ.ಸಿ.ಯು. ಇರುವ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಯಾವ ಗೇಟ್ ತೆರೆದಿರುತ್ತದೆ ಎಂಬುದನ್ನು ಹಂತ 1ರಲ್ಲೇ ನೋಡಿಟ್ಟುಕೊಂಡಿರಬೇಕು. ಕ್ಲಿನಿಕ್ಕಿಗೆ ದಾರಿಯಿಂದ ಕರೆ ಮಾಡಿದರಾಯಿತು. ಡಿಸ್ಚಾರ್ಜ್ ಚೀಟಿಯ ಫೋಟೊ ಜೊತೆಗಾರರ ಮೊಬೈಲಿನಲ್ಲಿರಲಿ.

ಇನ್ನೊಂದು ಮಾತು. ಸೌಂದರ್ಯದ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಅದರಿಂದ ಹುಟ್ಟುವ ತೊಂದರೆಯ ಖರ್ಚನ್ನೂ ಕೊಡಲು ಕಂಪನಿ ನಿರಾಕರಿಸಬಹುದು. ಪ್ಯಾಕೇಜ್ ಹಣ ಕಟ್ಟುವಾಗಲೇ ತುರ್ತಿಗೆಂದು ಸ್ವಲ್ಪ ಹಣ ತೆಗೆದಿಡಿ. ಹಣದ ಚಿಂತೆಯಿಂದ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವವರನ್ನು ಕಂಡಿರುವುದರಿಂದ ಹೇಳುತ್ತಿದ್ದೇನೆ.

ಹಂತ 4: ಮಾತ್ರೆಗಳ ಲೆಕ್ಕ

ನೋವಿನ ಮಾತ್ರೆಯನ್ನು ಮೊದಲ ಎರಡು ಮೂರು ದಿನ ಗಡಿಯಾರ ನೋಡಿ ತೆಗೆದುಕೊಳ್ಳಿ, ನೋವು ಬಂದ ಮೇಲೆ ಅಲ್ಲ. ತಡೆದುಕೊಂಡರೆ ದೊಡ್ಡಸ್ತಿಕೆಯೇನಿಲ್ಲ, ನೋವಿರುವವರು ನಡೆಯುವುದಿಲ್ಲ, ಆಳವಾಗಿ ಉಸಿರಾಡುವುದಿಲ್ಲ.

ಪ್ಯಾರಸಿಟಮಾಲ್ ಎಲ್ಲ ಸೇರಿ ದಿನಕ್ಕೆ 4 ಗ್ರಾಂ ದಾಟಬಾರದು, ತೂಕ ಕಡಿಮೆ ಇರುವವರಿಗೆ ಮತ್ತು ಯಕೃತ್ತಿನ ತೊಂದರೆ ಇರುವವರಿಗೆ ಮಿತಿ ಇನ್ನೂ ಕಡಿಮೆ. ನೆಗಡಿ ಮಾತ್ರೆಗಳಲ್ಲೂ ಟ್ರಮಡಾಲ್ ಎಂಬ ಬಲವಾದ ನೋವಿನ ಔಷಧ ಬೆರೆತ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರುತ್ತದೆ, ಪಟ್ಟಿಯ ಹಿಂಬದಿ ಓದಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ಮಾತ್ರೆಗಳನ್ನು ಸರ್ಜನ್ ಬರೆದಿದ್ದರೆ ಮಾತ್ರ ನುಂಗಿ, ಇವು ರಕ್ತಸ್ರಾವ ಹೆಚ್ಚಿಸಬಹುದು. ಹೃದಯದ ತೊಂದರೆಗೆ ಮೊದಲಿನಿಂದ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ತಾವಾಗಿ ನಿಲ್ಲಿಸುವುದೂ ತಪ್ಪು, ಕೇಳಿ ನಿರ್ಧರಿಸಿ. ಮೀನೆಣ್ಣೆ, ವಿಟಮಿನ್ ಇ, ಬೆಳ್ಳುಳ್ಳಿ ಮತ್ತು ಅರಿಶಿನದ ಕ್ಯಾಪ್ಸೂಲ್‌ಗಳು ಸದ್ಯಕ್ಕೆ ಬೇಡ. ಅಡುಗೆಯಲ್ಲಿ ಬೀಳುವ ಚಿಟಿಕೆ ಅರಿಶಿನ, ನಾಲ್ಕು ಎಸಳು ಬೆಳ್ಳುಳ್ಳಿಗೆ ಅಡ್ಡಿಯಿಲ್ಲ.

ಆ್ಯಂಟಿಬಯಾಟಿಕ್ ಬರೆದಿದ್ದರೆ ಬರೆದಷ್ಟು ದಿನ ಮುಗಿಸಿ. ಗಾಯ ಕೆಂಪಾಯಿತೆಂದು ಔಷಧ ಅಂಗಡಿಯವರನ್ನು ಕೇಳಿ ಇನ್ನೊಂದನ್ನು ಸೇರಿಸುವುದು ಕೂಡದು.

ಟ್ರಮಡಾಲ್‌ನಂತಹ ಮಾತ್ರೆಗಳು ಮಲ ಕಟ್ಟುತ್ತವೆ. ತಿಣುಕಿದರೆ ಹೊಟ್ಟೆಯ ಹೊಲಿಗೆಗೆ ಪೆಟ್ಟು, ಕಣ್ಣು ಮೂಗಿನ ಶಸ್ತ್ರಚಿಕಿತ್ಸೆಯಾದರೆ ರಕ್ತ ಒಸರುತ್ತದೆ. ಮೊದಲ ದಿನದಿಂದಲೇ ನೀರು, ಪಪ್ಪಾಯಿ, ಸೊಪ್ಪು, ಇಸಬ್‌ಗೋಲ್ ಅಥವಾ ವೈದ್ಯರು ಹೇಳಿದ ಸಿರಪ್ ಶುರುಮಾಡಿ. ಮೂರು ದಿನವಾದರೂ ಆಗದಿದ್ದರೆ ಹೇಳಲು ನಾಚಿಕೆ ಬೇಡ.

ಹಂತ 5: ಡ್ರೇನ್ ಇದ್ದರೆ

ಅತಿ ಹೆಚ್ಚು ತಪ್ಪುಗಳಾಗುವ ಜಾಗ ಇದು. ಚರ್ಮದಡಿ ಸೇರುವ ನೀರನ್ನು ಹೊರಗೆಳೆಯಲು ಸಣ್ಣ ಪೈಪ್ ಇಟ್ಟಿರುತ್ತಾರೆ. ಅದರ ತುದಿಯಲ್ಲಿ ಒಂದೋ ಮೆತ್ತನೆಯ ಬಲ್ಬ್ ಇರುತ್ತದೆ, ಇಲ್ಲವೇ ಹಾರ್ಮೋನಿಯಂ ತಿದಿಯಂತೆ ಮಡಿಕೆಗಳಿರುವ ಡಬ್ಬಿ. ಅದು ಒತ್ತಿ ಚಪ್ಪಟೆಯಾಗಿದ್ದರೆ ಮಾತ್ರ ಎಳೆಯುತ್ತದೆ. ಖಾಲಿ ಮಾಡಿ, ಒತ್ತದೆ ಮುಚ್ಚಳ ಹಾಕಿದರೆ ಡ್ರೇನ್ ಇದ್ದೂ ಇಲ್ಲದಂತೆ.

ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಅರ್ಧ ತುಂಬಿದ್ದರೆ ಅದಕ್ಕೂ ಮೊದಲು, ಈ ಕ್ರಮದಲ್ಲಿ ಮಾಡಿ:

1. ಸಾಬೂನಿನಿಂದ ಕೈ ತೊಳೆದು ಒರೆಸಿ, ಕೈಗವಸು ಹಾಕಿ.
2. ಚರ್ಮದ ಹತ್ತಿರ ಪೈಪನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿಯಿರಿ. ಇನ್ನೊಂದು ಕೈಯ ಎರಡು ಬೆರಳಿನಿಂದ ಪೈಪನ್ನು ಒತ್ತುತ್ತಾ ಕೆಳಕ್ಕೆ ಜಾರಿಸಿ, ಒಳಗಿನ ರಕ್ತದ ಗರಣೆ ಬಲ್ಬಿಗೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ತೋರಿಸಿಕೊಟ್ಟಿದ್ದರೆ ಮಾತ್ರ ಇದನ್ನು ಮಾಡಿ.
3. ಮುಚ್ಚಳ ತೆಗೆದು ಅಳತೆಯ ಲೋಟಕ್ಕೆ ಬಗ್ಗಿಸಿ. ಮುಚ್ಚಳದ ಒಳಭಾಗ ಎಲ್ಲಿಗೂ ತಾಗಬಾರದು.
4. ಬಲ್ಬನ್ನು ಪೂರ್ತಿ ಅದುಮಿ ಹಿಡಿದು, ಹಿಡಿದಿರುವಾಗಲೇ ಮುಚ್ಚಳ ಹಾಕಿ.
5. ಹೊತ್ತು, ಅಳತೆ, ಬಣ್ಣ ಬರೆಯಿರಿ. ಎರಡು ಡ್ರೇನ್ ಇದ್ದರೆ ‘ಎಡ’, ‘ಬಲ’ ಎಂದು ಬೇರೆ ಬೇರೆ ಕಾಲಂ. ಒಟ್ಟು ಸೇರಿಸಿ ಬರೆದರೆ ಸರ್ಜನ್‌ಗೆ ಉಪಯೋಗವಿಲ್ಲ.
6. ದ್ರವವನ್ನು ಕಮೋಡಿಗೆ ಸುರಿದು, ಮತ್ತೆ ಕೈ ತೊಳೆಯಿರಿ.

ಬಲ್ಬನ್ನು ಬಟ್ಟೆಗೆ ಪಿನ್ನಿನಿಂದ ಸಿಕ್ಕಿಸಿ, ಗಾಯಕ್ಕಿಂತ ಕೆಳಗಿರಲಿ. ಪಿನ್ನು ಪೈಪಿಗೆ ಚುಚ್ಚದಂತೆ ನೋಡಿಕೊಳ್ಳಿ. ರಾತ್ರಿ ಹೊರಳಿದಾಗ, ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಾಗ, ತೊಡೆಯೇರಿದ ಮಗು ಎಳೆದಾಗ ಡ್ರೇನ್ ಕಿತ್ತುಬರುವುದುಂಟು. ಬಂದರೆ ಮತ್ತೆ ತುರುಕಬೇಡಿ; ಗಾಜ್ ಒತ್ತಿ ಕರೆ ಮಾಡಿ.

ಬಣ್ಣ ಕಡುಗೆಂಪಿನಿಂದ ತಿಳಿಗೆಂಪಿಗೆ, ಆಮೇಲೆ ಒಣಹುಲ್ಲಿನ ಹಳದಿಗೆ ಇಳಿಯುತ್ತದೆ. ಹಳದಿಯಾಗಿದ್ದದ್ದು ಮತ್ತೆ ಕಡುಗೆಂಪಾಗಿ ಬೇಗಬೇಗ ತುಂಬಿದರೆ, ಒಮ್ಮೆಲೇ ಪೂರ್ತಿ ನಿಂತು ಆ ಜಾಗ ಊದಿದರೆ, ಅಥವಾ ಎಷ್ಟು ಅದುಮಿದರೂ ಬಲ್ಬ್ ತಾನೇ ಉಬ್ಬಿದರೆ ತಿಳಿಸಿ. 24 ಗಂಟೆಗೆ 25–30 ಮಿ.ಲೀ.ಗಿಂತ ಕಡಿಮೆ ಬಂದಾಗ ಸಾಮಾನ್ಯವಾಗಿ ತೆಗೆಯುತ್ತಾರೆ. ‘ಸಿಸ್ಟರ್, ಇವತ್ತೇ ತೆಗೆದುಬಿಡಿ, ನಾಳೆ ಗೃಹಪ್ರವೇಶ ಇದೆ’ ಎಂದು ಬೇಡುವವರಿದ್ದಾರೆ. ಬೇಗ ತೆಗೆಸಿದರೆ ನೀರು ಒಳಗೇ ತುಂಬಿ ವಾರ ವಾರ ಸೂಜಿಯಿಂದ ಎಳೆಸಿಕೊಳ್ಳಬೇಕಾದೀತು.

ರಕ್ತ ಹತ್ತಿದ ಗಾಜ್, ಪ್ಯಾಡ್‌ಗಳನ್ನು ಹಸಿಕಸಕ್ಕಾಗಲಿ ಒಣಕಸಕ್ಕಾಗಲಿ ಹಾಕಬೇಡಿ. ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಪ್ರತ್ಯೇಕವಾಗಿ ಕೊಡಿ. ಚುಚ್ಚುಮದ್ದಿನ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಕೂಡಿಟ್ಟು ಡ್ರೆಸಿಂಗ್‌ಗೆ ಹೋದಾಗ ಆಸ್ಪತ್ರೆಗೆ ಒಪ್ಪಿಸಿ. ಬೆಳಿಗ್ಗೆ ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಅವು ಚುಚ್ಚಬಾರದು.

ಹಂತ 6: ಬಿಗಿ ಉಡುಪು ಮತ್ತು ಮೊದಲ ಸ್ನಾನ

ರೋಗಿಗಳು ‘ಬೆಲ್ಟ್’ ಎನ್ನುವ ಕಂಪ್ರೆಷನ್ ಉಡುಪನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಾಕಬೇಕು, ಆರಂಭದಲ್ಲಿ ಹಗಲೂ ರಾತ್ರಿ. ಏಪ್ರಿಲ್ ಬಿಸಿಲಿನಲ್ಲಿ ಇದು ಸಣ್ಣ ಶಿಕ್ಷೆಯೇ. ಆದರೆ ಮಧ್ಯಾಹ್ನವೆಲ್ಲ ಬಿಚ್ಚಿಟ್ಟು ರಾತ್ರಿ ಹಾಕಿಕೊಳ್ಳಲು ಹೋದರೆ ಅಷ್ಟರಲ್ಲಿ ಊತ ಏರಿ ಕೊಂಡಿ ಕೂಡುವುದಿಲ್ಲ. ಎರಡು ಜೊತೆ ಕೊಳ್ಳಿ. ಒಂದು ಮೈಮೇಲೆ, ಒಂದು ಒಗೆದು ನೆರಳಲ್ಲಿ.

ಬಿಗಿ ಎಂದರೆ ಎಷ್ಟು? ಎರಡು ಬೆರಳು ಒಳಗೆ ತೂರಬೇಕು, ಉಸಿರು ಸಲೀಸಾಗಿ ಆಡಬೇಕು, ಕಾಲ್ಬೆರಳು ತಣ್ಣಗಾಗಬಾರದು. ಮಡಿಕೆ ಬಿದ್ದ ಜಾಗದಲ್ಲಿ ಚರ್ಮದ ಮೇಲೆ ಗೀರು ಮೂಡಿ ಹಳ್ಳವಾಗಿ ಉಳಿಯಬಹುದು. ಕೂತೆದ್ದಾಗಲೆಲ್ಲ ಸುಕ್ಕು ಸರಿಮಾಡಿಕೊಳ್ಳಿ. ಬೇಗ ಸಣ್ಣಗಾಗಲೆಂದು ಒಂದು ಅಳತೆ ಚಿಕ್ಕದನ್ನು ತರಿಸಿಕೊಳ್ಳುವುದು ಶುದ್ಧ ಪೆದ್ದುತನ, ಅದರಿಂದ ಚರ್ಮಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ.

ಮೊದಲ ಬಾರಿ ಬಿಚ್ಚುವಾಗ ಕುಳಿತೇ ಬಿಚ್ಚಿ, ಜೊತೆಗಾರರು ಪಕ್ಕದಲ್ಲಿರಲಿ. ಒತ್ತಡ ಒಮ್ಮೆಲೇ ಸಡಿಲವಾದಾಗ ತಲೆ ಸುತ್ತಿ ಬೀಳುವುದು ಸಾಮಾನ್ಯ. ಅದಕ್ಕೂ ಮೊದಲು ಏನಾದರೂ ತಿಂದು, ನೀರು ಕುಡಿದಿರಬೇಕು. ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಚಿಲಕ ಹಾಕಬೇಡಿ.

ಸ್ನಾನಕ್ಕೆ ಅನುಮತಿ ಬಹಳ ಸಲ 48 ಗಂಟೆಯ ನಂತರ ಸಿಗುತ್ತದೆ. ನೀರು ಉಗುರುಬೆಚ್ಚಗಿರಲಿ, ಐದೇ ನಿಮಿಷ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಸಂಪಿನಲ್ಲಿ ಬೆರೆಯುವ ಮನೆಗಳಲ್ಲಿ ಗಾಯದ ಭಾಗಕ್ಕೆ ಕುದಿಸಿ ಆರಿಸಿದ ನೀರನ್ನು ಬೇರೆಯಾಗಿ ಇಟ್ಟುಕೊಂಡರೆ ನೆಮ್ಮದಿ. ಉಜ್ಜಬೇಡಿ, ನೀರು ಹರಿಯಲು ಬಿಡಿ. ಶುದ್ಧ ಬಟ್ಟೆಯಿಂದ ಒತ್ತಿ ಒಣಗಿಸಿ. ಬಾತ್‌ಟಬ್, ಈಜುಕೊಳ, ಎಣ್ಣೆ ಸ್ನಾನ ಗಾಯ ಪೂರ್ತಿ ಮುಚ್ಚುವವರೆಗೂ ಇಲ್ಲ. ಗಾಯಕ್ಕೆ ಅರಿಶಿನ, ತುಪ್ಪ, ಕೊಬ್ಬರಿ ಎಣ್ಣೆ, ಲೋಳೆಸರದ ತಿರುಳು, ವಿಭೂತಿ ಯಾವುದನ್ನೂ ಹಚ್ಚಬೇಡಿ. ಅಡುಗೆಮನೆಯ ಡಬ್ಬಿಯಲ್ಲಿರುವ ಅರಿಶಿನ ಕ್ರಿಮಿಶುದ್ಧವಲ್ಲ.

ಹಂತ 7: ಊಟ, ಮತ್ತು ನಂಜಿನ ಗಲಾಟೆ

ಅಜ್ಜಿ ಇರುವ ಮನೆಯಲ್ಲಿ ಪಥ್ಯದ ಪಟ್ಟಿ ಡಿಸ್ಚಾರ್ಜ್ ಚೀಟಿಗಿಂತ ಉದ್ದವಾಗಿರುತ್ತದೆ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಮೊಟ್ಟೆ ನಂಜು, ಮೀನು ನಂಜು, ಮೊಸರು ಶೀತ, ಬೇಳೆ ಕೀವು. ಕಡೆಗೆ ಉಳಿಯುವುದು ಮೆಣಸಿನ ಸಾರು, ಅನ್ನ. ಎರಡು ವಾರ ಇದನ್ನೇ ಉಂಡವರ ಗಾಯ ಕೂಡುವುದಿಲ್ಲ, ಏಕೆಂದರೆ ಹೊಸ ಅಂಗಾಂಶ ಕಟ್ಟಿಕೊಳ್ಳಲು ಪ್ರೋಟೀನ್ ಬೇಕು. ಮೊದಲ ದಿನ ವಾಕರಿಕೆ ಇರುವಾಗ ಗಂಜಿ, ಸಾರನ್ನ, ಎಳನೀರು ಸರಿ. ಎರಡನೆಯ ದಿನದಿಂದ ಪ್ರತಿ ಊಟದಲ್ಲೂ ಬೇಳೆ, ಮೊಳಕೆಕಾಳು, ಮೊಸರು, ಪನೀರ್, ಮೊಟ್ಟೆ, ಮೀನು, ಕೋಳಿಗಳಲ್ಲಿ ಏನಾದರೊಂದು ಇರಲಿ. ನೆಲ್ಲಿಕಾಯಿ, ಸೀಬೆ, ಕಿತ್ತಳೆ ವಿಟಮಿನ್ ಸಿ ಕೊಡುತ್ತವೆ.

ಅಜ್ಜಿಯೊಡನೆ ಜಗಳಕ್ಕೆ ಇಳಿಯಬೇಡಿ. ಬದನೆಕಾಯಿ ಬಿಟ್ಟರೆ ಯಾರಿಗೂ ನಷ್ಟವಿಲ್ಲ, ಅದನ್ನು ಅವರಿಗೆ ಬಿಟ್ಟುಕೊಟ್ಟು ಬೇಳೆ, ಮೊಟ್ಟೆ, ಮೊಸರನ್ನು ಗಿಟ್ಟಿಸಿಕೊಳ್ಳಿ. ‘ಡಾಕ್ಟರೇ ಬರೆದಿದ್ದಾರೆ ಅಜ್ಜಿ’ ಎಂಬ ಮಾತು ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಯಾವುದಾದರೂ ಆಹಾರ ನಿಮಗೆ ನಿಜವಾಗಿ ಅಲರ್ಜಿಯಾಗಿದ್ದರೆ ಅದು ಬೇರೆ ಮಾತು.

ಕೈಬಿಡಬೇಕಾದದ್ದು ಉಪ್ಪು: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಚಿಪ್ಸ್. ಉಪ್ಪು ಹೆಚ್ಚಾದ ಮರುದಿನ ಊತ ಏರುವುದನ್ನು ಕನ್ನಡಿಯೇ ತೋರಿಸುತ್ತದೆ. ಮದ್ಯ ಬೇಡ, ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯಾಟಿಕ್ ಅಥವಾ ಟ್ರಮಡಾಲ್ ತೆಗೆದುಕೊಳ್ಳುತ್ತಿದ್ದರಂತೂ ಬೇಡವೇ ಬೇಡ. ಲೈಪೊಸಕ್ಷನ್ ಆದ ತಕ್ಷಣ ಡಯಟ್ ಶುರುಮಾಡುವುದೂ ಮೂರ್ಖತನ.

ಮೂಗು, ಕಣ್ಣು ಆದವರಿಗೆ ಪ್ರತ್ಯೇಕವಾಗಿ

ಮೂಗಿನ ಮೇಲಿನ ಸ್ಪ್ಲಿಂಟ್ (ಆಧಾರಪಟ್ಟಿ) ಸುಮಾರು ಒಂದು ವಾರ ಇರುತ್ತದೆ, ಅದು ನೆನೆಯಬಾರದು. ಎರಡು ವಾರ ಮೂಗು ಸೀಟಬೇಡಿ. ಸೀನು ಬಂದರೆ ಬಾಯಿ ಅಗಲಿಸಿ ಸೀನಿ. ಸೀನನ್ನೇ ಬರಿಸದಿರುವುದು ಇನ್ನೂ ಜಾಣತನ, ಮತ್ತು ಬೆಂಗಳೂರಿನಲ್ಲಿ ಅದು ಸುಲಭವಲ್ಲ: ರಸ್ತೆಯ ಧೂಳು, ಪಾರ್ಥೇನಿಯಂ ಪರಾಗ, ಪಕ್ಕದ ಮನೆಯ ಕಟ್ಟಡ ಕೆಲಸ. ಕಿಟಕಿ ಮುಚ್ಚಿ, ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಬತ್ತಿ ಕೋಣೆಯಿಂದಾಚೆ ಇರಲಿ. ಒಣಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಎಳೆದುಕೊಳ್ಳಲಿ. ಅಲರ್ಜಿ ಇರುವವರು ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಿ ಮಾತ್ರೆ ಬರೆಸಿಕೊಳ್ಳಿ. ಮೂಗೆಲುಬಿನ ಮೇಲೆ ಕನ್ನಡಕದ ಭಾರ ನಾಲ್ಕರಿಂದ ಆರು ವಾರ ಬೀಳಬಾರದು.

ಕಣ್ಣುರೆಪ್ಪೆ ಆದವರು ಬರೆದುಕೊಟ್ಟ ಹನಿ ಔಷಧವನ್ನು ತಪ್ಪಿಸಬೇಡಿ, ಕಣ್ಣುಜ್ಜಬೇಡಿ, ಒಂದು ವಾರ ತಲೆ ಕೆಳಗೆ ಬಗ್ಗಿಸಬೇಡಿ. ರಂಗೋಲಿ ಹಾಕುವುದು, ಶೂ ಲೇಸ್ ಕಟ್ಟುವುದು, ಹಿರಿಯರ ಕಾಲಿಗೆ ಬೀಳುವುದು ಎಲ್ಲವೂ ಬಗ್ಗುವುದೇ.

ಹಂತ 8: ಐದನೆಯ ದಿನದಿಂದ ಆರನೆಯ ವಾರದವರೆಗೆ

ಮೂರು ವಾರದ ಹೊತ್ತಿಗೆ ಹೊಲಿದ ಚರ್ಮಕ್ಕೆ ಮೊದಲಿದ್ದ ಬಲದ ಸುಮಾರು ಕಾಲು ಭಾಗ ಮಾತ್ರ ಬಂದಿರುತ್ತದೆ. ಮೂರು ತಿಂಗಳಿಗೆ ಅದು ಶೇ 80ರ ಆಸುಪಾಸಿಗೆ ಬರಬಹುದು. ಮೇಲಿನ ಗೆರೆ ಒಣಗಿ ಚೆಂದ ಕಂಡಿತೆಂದು 20 ಲೀಟರ್ ನೀರಿನ ಕ್ಯಾನ್ ಎತ್ತಿದರೆ ಒಳಗಿನ ಹೊಲಿಗೆಯ ಮೇಲೆ 20 ಕಿಲೋ ಬೀಳುತ್ತದೆ. ಟಮ್ಮಿ ಟಕ್ ಆದವರು ಆರು ವಾರ ಕ್ಯಾನ್, ಸಿಲಿಂಡರ್, ಒದ್ದೆ ಬಟ್ಟೆಯ ಬಕೆಟ್, ಮಗು ಯಾವುದನ್ನೂ ಎತ್ತಬಾರದು. ಮಗು ಅತ್ತರೆ ನೀವು ಕುಳಿತುಕೊಳ್ಳಿ, ಇನ್ನೊಬ್ಬರು ಅದನ್ನು ತಂದು ಪಕ್ಕದಲ್ಲಿ ಕೂರಿಸಲಿ. ಎದೆಯ ಶಸ್ತ್ರಚಿಕಿತ್ಸೆ ಆದವರು ಎರಡು ಮೂರು ವಾರ ಕೈಯನ್ನು ಭುಜಕ್ಕಿಂತ ಮೇಲೆತ್ತಬೇಡಿ. ಅಟ್ಟದ ಡಬ್ಬಿ, ಬಸ್ಸಿನ ಮೇಲಿನ ಕಂಬಿ, ಜಡೆ ಹೆಣೆಯುವುದು ಈ ಲೆಕ್ಕಕ್ಕೆ ಸೇರುತ್ತವೆ.

ಮನೆಯಿಂದ ಕೆಲಸ ಮಾಡುವವರು ನಾಲ್ಕನೆಯ ದಿನವೇ ಲ್ಯಾಪ್‌ಟಾಪ್ ತೆರೆಯುತ್ತಾರೆ. ತೆರೆಯಿರಿ, ಆದರೆ ಹೊಟ್ಟೆಯ ಮೇಲೆ ಇಟ್ಟುಕೊಳ್ಳಬೇಡಿ, ಗಂಟೆಗೊಮ್ಮೆ ಎದ್ದು ನಡೆಯಿರಿ. ಕುಳಿತು ಮಾಡುವ ಕೆಲಸಕ್ಕೆ ಸಣ್ಣ ಲೈಪೊಸಕ್ಷನ್ ಆದವರು ವಾರದೊಳಗೆ, ಟಮ್ಮಿ ಟಕ್ ಆದವರು ಎರಡು ಮೂರು ವಾರಕ್ಕೆ ಮರಳುತ್ತಾರೆ. ಕಚೇರಿಗೆ ಹೋಗುವ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದೂವರೆ ಗಂಟೆ ಬಸ್ಸಿನಲ್ಲಿ ನಿಲ್ಲಬೇಕಾದವರಿಗೂ ನಾಲ್ಕು ನಿಲ್ದಾಣ ಮೆಟ್ರೊದಲ್ಲಿ ಕುಳಿತು ಹೋಗುವವರಿಗೂ ಒಂದೇ ದಿನಾಂಕ ಹೊಂದುವುದಿಲ್ಲ. ಮಂಪರು ಬರಿಸುವ ಮಾತ್ರೆ ನಿಂತು, ನೋವಿಲ್ಲದೆ ಜೋರಾಗಿ ಬ್ರೇಕ್ ತುಳಿಯಲು ಆಗುವವರೆಗೆ ಕಾರು ಓಡಿಸಬೇಡಿ. ಸ್ಕೂಟರ್‌ಗೆ ಅದಕ್ಕಿಂತ ಹೆಚ್ಚು ಕಾಲ ಬೇಕು, ಗುಂಡಿ ತಪ್ಪಿಸಲು ಹೊಟ್ಟೆಯ ಸ್ನಾಯುಗಳೇ ದುಡಿಯುತ್ತವೆ.

ಲೈಪೊಸಕ್ಷನ್ ಆದ ಜಾಗದಲ್ಲಿ ಗಂಟುಗಂಟಾಗಿ, ಗಟ್ಟಿಯಾಗಿ ತಾಗುವುದು ಕೆಲವು ವಾರ ಸಹಜ. ಸರ್ಜನ್ ಹೇಳಿದ ಮೇಲೆ, ಹೇಳಿದ ರೀತಿಯಲ್ಲಿ ಮಸಾಜ್ ಮಾಡಿಸಿ. ಬಡಾವಣೆಯ ಪಾರ್ಲರಿನಲ್ಲಿ ಬಲವಾಗಿ ಉಜ್ಜಿಸಿಕೊಂಡರೆ ಗಂಟು ಕರಗುವುದಿಲ್ಲ, ಹೊಸ ಊತ ಬರುತ್ತದೆ. ಒತ್ತಿದರೆ ನೀರಿನ ಚೀಲದಂತೆ ತುಳುಕುವ ಭಾಗವಿದ್ದರೆ ಮಸಾಜ್ ಬಿಟ್ಟು ತೋರಿಸಿಕೊಳ್ಳಿ.

ಮೊದಲ ಎರಡು ವಾರದಲ್ಲಿ ಒಂದು ದಿನ ‘ಯಾಕಾದರೂ ಮಾಡಿಸಿಕೊಂಡೆನೋ’ ಎಂದು ಅಳು ಬರುತ್ತದೆ. ಊತ, ನೀಲಿ ಕಲೆ, ನಿದ್ರೆಯಿಲ್ಲದ ರಾತ್ರಿ, ಗುಟ್ಟು ಕಾಯುವ ಒತ್ತಡ ಎಲ್ಲ ಒಟ್ಟಿಗೆ ಬಂದಾಗ ಹೀಗಾಗುತ್ತದೆ. ದಿನಕ್ಕೆ ಹತ್ತು ಸಲ ಫೋಟೊ ತೆಗೆದು ಹೋಲಿಸಬೇಡಿ. ವಾರಕ್ಕೊಮ್ಮೆ, ಒಂದೇ ಬೆಳಕಿನಲ್ಲಿ ಸಾಕು. ‘ಮೊದಲೇ ಚೆನ್ನಾಗಿದ್ದೆ’ ಎನ್ನುವ ಚಿಕ್ಕಮ್ಮನನ್ನು ಮುಂದಿನ ತಿಂಗಳು ಬರಹೇಳಿ. ಎರಡು ವಾರ ಕಳೆದರೂ ಮನಸ್ಸು ಏಳದಿದ್ದರೆ, ಬದುಕೇ ಬೇಡ ಎನ್ನಿಸಿದರಂತೂ ಆ ಕ್ಷಣವೇ, ವೈದ್ಯರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಹಂತ 9: ಕಲೆ

ಗಾಯ ಪೂರ್ತಿ ಮುಚ್ಚಿ, ಹಕ್ಕಳೆ ಉದುರಿದ ಮೇಲೆ, ಅಂದರೆ ಎರಡು ಮೂರು ವಾರದ ನಂತರ, ಸರ್ಜನ್ ಒಪ್ಪಿದರೆ ಸಿಲಿಕಾನ್ ಜೆಲ್ ಅಥವಾ ಹಾಳೆ ಶುರುಮಾಡಿ. ಎರಡು ಮೂರು ತಿಂಗಳು ಬಿಡದೆ ಬಳಸಿದರೆ ಮಾತ್ರ ಫಲ. ಬಿಸಿಲಿಗೆ ಬೀಳುವ ಕಲೆಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ನಮ್ಮ ಮೈಬಣ್ಣದಲ್ಲಿ ಕಲೆ ಬೇಗ ಕಪ್ಪಾಗುತ್ತದೆ. ಕಲೆ ಗಾಯದ ಗಡಿ ಮೀರಿ ಉಬ್ಬುತ್ತಾ, ತುರಿಸುತ್ತಾ, ಬೆಳೆಯುತ್ತಾ ಹೋದರೆ ಅದು ಕೆಲಾಯ್ಡ್ ಆಗಿರಬಹುದು, ಆರಂಭದಲ್ಲೇ ತೋರಿಸಿದರೆ ಚುಚ್ಚುಮದ್ದಿನಿಂದ ತಗ್ಗಿಸುವುದು ಸುಲಭ.

ಲೈಪೊಸಕ್ಷನ್‌ನ ಆಕಾರ ನೆಲೆಗೊಳ್ಳಲು ಮೂರರಿಂದ ಆರು ತಿಂಗಳು, ಮೂಗಿನ ತುದಿಗೆ ಒಂದು ವರ್ಷ, ಕಲೆ ಬಿಳಿಚಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಮತ್ತೊಮ್ಮೆ ತಿದ್ದಿಸಬೇಕೇ ಎಂಬ ಮಾತನ್ನು ಈ ಅವಧಿ ಮುಗಿಯುವ ಮೊದಲು ಯಾರಾದರೂ ತಾವಾಗಿಯೇ ಎತ್ತಿ, ಮುಂಗಡ ಹಣ ಕೇಳಿದರೆ, ಇನ್ನೊಬ್ಬ ಪ್ಲಾಸ್ಟಿಕ್ ಸರ್ಜನ್ ಅಭಿಪ್ರಾಯ ಪಡೆಯದೆ ಒಪ್ಪಬೇಡಿ. ಆಗ ನಿಮ್ಮ ನೋಟ್ ಪುಸ್ತಕವನ್ನೂ ವಾರವಾರದ ಫೋಟೊಗಳನ್ನೂ ಜೊತೆಗೆ ಒಯ್ಯಿರಿ.